ಸೋಪಿಗೆ ಐದು, ತಂಬೂರಿಗೆ ಸೊನ್ನೆ

ಮಕ್ಕಳೇ, ಹಾಸನ ಜಿಲ್ಲೆಯ ರುದ್ರಪಟ್ಟಣದ ಅಂಗಡಿಯಲ್ಲಿ ನೂರು ರೂಪಾಯಿ ಕೊಟ್ಟು ಮೈಸೋಪಿನ ಕಟ್ಟೊಂದನ್ನು ತಂದರೆ ಅದರಲ್ಲಿ ತೆರಿಗೆ ಎಷ್ಟು? ಸೋಪಿಗೆ ಜಿಎಸ್‌ಟಿ ಈಗ ಶೇ. 5. ಐದು ರೂಪಾಯಿ ಅಂದಿರಾ? ತಡೀರಿ. ಕಟ್ಟಿನ ಮೇಲೆ ಅಚ್ಚಾದ ಎಂಆರ್‌ಪಿಯೊಳಗೆ ತೆರಿಗೆ ಸೇರಿಯೇ ಇರುತ್ತದೆ. ಆದ್ದರಿಂದ ನೂರು ರೂಪಾಯಿಯನ್ನು 105 ಪಾಲು ಮಾಡಿ ಅದರಲ್ಲಿ ಐದು ಪಾಲು ಎತ್ತಬೇಕು. ಲೆಕ್ಕ ಹಾಕಿ: 4 ರೂಪಾಯಿ 76 ಪೈಸೆ. ಇದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ.

ಜಿಎಸ್‌ಟಿ, ಅಂದರೆ ಸರಕು ಮತ್ತು ಸೇವಾ ತೆರಿಗೆ, ಬಂದದ್ದು 2017ರ ಜುಲೈ 1ರಂದು. ಅದಕ್ಕೆ ಮುಂಚೆ ಒಂದೊಂದು ರಾಜ್ಯಕ್ಕೆ ಒಂದೊಂದು ತೆರಿಗೆ ಇತ್ತು. ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಆ ಕಾಟ ತಪ್ಪಿತು. ಆದರೆ ದೇಶಕ್ಕೆಲ್ಲ ಒಂದೇ ತೆರಿಗೆ ಎಂದ ಮಾತ್ರಕ್ಕೆ ಅದು ಎಲ್ಲರಿಗೂ ಸಮವಾಗಿ ಬೀಳುತ್ತದೆಯೇ?

ಒಂದು ಲೆಕ್ಕ ಮಾಡೋಣ. ಸೋಪು, ಪೇಸ್ಟು, ಎಣ್ಣೆ, ಬಿಸ್ಕತ್ತು ಎಂದು ಎರಡು ಮನೆಯವರೂ ತಿಂಗಳಿಗೆ 2,100 ರೂಪಾಯಿ ಖರ್ಚು ಮಾಡುತ್ತಾರೆನ್ನಿ. ಎಲ್ಲದಕ್ಕೂ ಶೇ. 5. ಎರಡು ಮನೆಯಿಂದಲೂ ನೂರು ನೂರು ರೂಪಾಯಿ ತೆರಿಗೆ ಹೋಯಿತು. ಒಂದು ಮನೆಯವರು ತಂಬಾಕಿನ ಹೊಲದಲ್ಲಿ ಕೂಲಿ ಮಾಡಿ ಹತ್ತು ಸಾವಿರ ತರುವವರು. ಇನ್ನೊಂದು ಮನೆಗೆ ಹಾಸನದಿಂದ ಲಕ್ಷ ರೂಪಾಯಿ ಸಂಬಳ ಬರುತ್ತದೆ. ಕೂಲಿಯವರ ದುಡಿಮೆಯಲ್ಲಿ ಹೋದದ್ದು ನೂರಕ್ಕೆ ಒಂದು, ಸಂಬಳದವರಲ್ಲಿ ಸಾವಿರಕ್ಕೆ ಒಂದು. ಹೊಳೆಯಿಂದ ಒಂದೇ ಅಳತೆಯ ಬಿಂದಿಗೆಯನ್ನು ಅಜ್ಜಿಗೂ ಪೈಲ್ವಾನನಿಗೂ ಹೊರಿಸಿದ ಹಾಗಾಯಿತು. ಉಳ್ಳವರು ಕಾರು, ಎಸಿ ಕೊಂಡು ಹೆಚ್ಚು ತೆರಿಗೆ ಕಟ್ಟುತ್ತಾರಲ್ಲ ಎನ್ನಬಹುದು. ನಿಜ. ಆದರೆ ಅವರು ಬ್ಯಾಂಕಿನಲ್ಲಿಟ್ಟ ದುಡ್ಡನ್ನು ಈ ತೆರಿಗೆ ಮುಟ್ಟುವುದಿಲ್ಲ. ಕೂಲಿಯವರ ಕೈಯಲ್ಲಿ ಇಡುವುದಕ್ಕೆ ಉಳಿಯುವುದೇ ಕಷ್ಟ.

ಅದಕ್ಕೇ ಸರ್ಕಾರ ಒಂದೇ ದರ ಇಡಲಿಲ್ಲ. ಉಪ್ಪು, ತರಕಾರಿ, ಹಾಲು, ಬಿಡಿ ಅಕ್ಕಿಗೆ ಸೊನ್ನೆ. ಉಳಿದವಕ್ಕೆ ಬೇರೆ ಬೇರೆ. ನನ್ನ ಮಟ್ಟಿಗೆ ಇದು ಒಳ್ಳೆಯದೇ. ಆದರೆ ದರ ಹೆಚ್ಚಿದಷ್ಟೂ ತಕರಾರು ಹೆಚ್ಚು. 2020ರಲ್ಲಿ ಬೆಂಗಳೂರಿನ ಐಡಿ ಫ್ರೆಶ್ ಫುಡ್ ಕಂಪನಿ, ಪರೋಟ ರೊಟ್ಟಿಯ ಜಾತಿಯದೇ, ಶೇ. 5 ಸಾಕಲ್ಲವೇ ಎಂದು ಕೇಳಿತು. ಕರ್ನಾಟಕದ ತೆರಿಗೆ ಪ್ರಾಧಿಕಾರ ಒಪ್ಪಲಿಲ್ಲ: ಪ್ಯಾಕೆಟ್ಟಿನ ಪರೋಟವನ್ನು ತಿನ್ನುವ ಮೊದಲು ಮತ್ತೆ ಕಾಯಿಸಬೇಕು, ಆದ್ದರಿಂದ ಶೇ. 18! ಪರೋಟ ತಿನ್ನುವವರೆಲ್ಲ ನಕ್ಕರು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿ, ಪರೋಟ ಮೂರಕ್ಕೂ ಸೊನ್ನೆ.

ಸೊನ್ನೆ ಎಂದರೆ ಪೂರ್ತಿ ಸೊನ್ನೆಯೇ? ಇದನ್ನು ತಿಳಿಯಲು ರುದ್ರಪಟ್ಟಣವೇ ಸರಿ. ಆರ್. ಕೆ. ಶ್ರೀಕಂಠನ್ ಅವರಂಥ ಸಂಗೀತ ವಿದ್ವಾಂಸರು ಹುಟ್ಟಿದ ಊರು. ಇಲ್ಲಿ ತಂಬೂರಿಯ ಆಕಾರದ ಮಂದಿರವೇ ಇದೆ. ಕೈಯಿಂದ ಮಾಡಿದ ನಮ್ಮ ದೇಶದ ವಾದ್ಯಗಳಿಗೆ 2017ರಿಂದಲೂ ಜಿಎಸ್‌ಟಿ ಇಲ್ಲ. ಆದರೆ ತಂಬೂರಿ ಮಾಡುವವರು ವಾರ್ನಿಷ್ ಕೊಳ್ಳುವಾಗ ತೆರಿಗೆ ಕೊಟ್ಟೇ ಕೊಡುತ್ತಾರೆ. ಸೋಪಿನ ಕಾರ್ಖಾನೆಯೂ ಎಣ್ಣೆಗೆ ತೆರಿಗೆ ಕೊಡುತ್ತದೆ, ಆದರೆ ತಾನು ಸರ್ಕಾರಕ್ಕೆ ಕಟ್ಟಬೇಕಾದದ್ದರಲ್ಲಿ ಅದನ್ನು ಕಳೆದುಕೊಳ್ಳುತ್ತದೆ. ತಂಬೂರಿಯವರು ಏನೂ ಕಟ್ಟಬೇಕಿಲ್ಲ, ಹಾಗಾಗಿ ಕಳೆಯುವುದಕ್ಕೂ ದಾರಿಯಿಲ್ಲ. ವಾರ್ನಿಷ್ಷಿನ ತೆರಿಗೆ ತಂಬೂರಿಯ ಬೆಲೆಯೊಳಗೆ ಸದ್ದಿಲ್ಲದೆ ಸೇರುತ್ತದೆ.

ನಿಮ್ಮ ನೋಟ್‌ಬುಕ್ಕಿನ ಮೇಲಿನ ತೆರಿಗೆ ತೆಗೆದಾಗ ಇದೇ ತೊಡಕು ಬರಬಾರದೆಂದು ಅದಕ್ಕೆ ಹೋಗುವ ಕಾಗದದ ತೆರಿಗೆಯನ್ನೂ ತೆಗೆದರು. ವಾರ್ನಿಷ್ಷಿಗೆ ಆ ಯೋಗವಿಲ್ಲ. ಅದನ್ನು ಬಾಗಿಲಿಗೂ ಬಳಿಯುತ್ತಾರೆ, ಮಂಚಕ್ಕೂ ಬಳಿಯುತ್ತಾರೆ. ಯಾವ ಡಬ್ಬ ತಂಬೂರಿಗೆ ಹೋಯಿತು ಎಂದು ತೆರಿಗೆಯವರು ಗುರುತಿಸುವುದಾದರೂ ಹೇಗೆ?