ರೋಗಿಯ ಊರು ಯಾವುದು?

ಮೂಡಿಗೆರೆ, ಕಳಸ, ಕುದುರೆಮುಖದ ಕಡೆ ಅಪರಿಚಿತರು ಎದುರಾದರೆ ಮೊದಲು ಬರುವ ಪ್ರಶ್ನೆ 'ಯಾವೂರಾಯ್ತು?' ಎಂಬುದು. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಕೇಳಿಬರುವ ಈ ಪ್ರಶ್ನೆ ಆಸ್ಪತ್ರೆಯ ಕೋಣೆಯಲ್ಲಿ ಮಾತ್ರ ಅಪರೂಪ. ಅಲ್ಲಿ 'ಏನಾಗ್ತಿದೆ? ಎಷ್ಟು ದಿನದಿಂದ?' ಎಂದಷ್ಟೇ ಕೇಳುವುದು ವಾಡಿಕೆ. ಆದರೆ ಇಂದಿನ ಕಾಫಿ ಸೀಮೆಯಲ್ಲಿ ಊರು ಕೇಳುವುದು ಬರಿಯ ಉಪಚಾರದ ಮಾತಲ್ಲ. ಅದು ಚಿಕಿತ್ಸೆಯ ಮೊದಲ ಹೆಜ್ಜೆ.

ಈ ಬೆಟ್ಟಸಾಲಿಗೆ ಹೊರಗಿನವರು ಹೊಸಬರಲ್ಲ. ಬೆಳೆಯೇ ಹೊರಗಿನದು. ಬಾಬಾಬುಡನ್ 17ನೆಯ ಶತಮಾನದಲ್ಲಿ ಯೆಮನ್‌ನಿಂದ ಏಳು ಕಾಫಿ ಬೀಜ ತಂದರೆಂಬುದು ಇಲ್ಲಿನ ಪ್ರತೀತಿ. ತೋಟಗಳೆದ್ದ ಮೇಲೆ ಕರಾವಳಿಯಿಂದ ತುಳು ಮಾತಿನವರು ಘಟ್ಟ ಹತ್ತಿ ಬಂದರು. ತಮಿಳು ಮಾತಿನವರೂ ಬಂದರು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾದ ಮೇಲೆ ಕಾಡಿನ ನಡುವೆ ಹೊಸ ಊರೊಂದು ಎದ್ದು, ದೇಶದ ನಾನಾ ಭಾಗದವರು ಅಲ್ಲಿ ನೆಲೆಸಿದರು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಊರು ಬಹುಪಾಲು ಬರಿದಾಯಿತು. ಇತ್ತ ತೋಟಗಳಲ್ಲಿ ಆಳಿನ ಕೊರತೆ ಹೆಚ್ಚಿದಂತೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳ ಕಾರ್ಮಿಕರು ಬರತೊಡಗಿದರು.

ಸ್ಥಳೀಯರ ಬಾಯಲ್ಲಿ ಇವರೆಲ್ಲ 'ಅಸ್ಸಾಮಿನವರು'. ಆದರೆ ಆ ಒಂದು ಹೆಸರಿನೊಳಗೆ ಬಂಗಾಳಿ ಮಾತನಾಡುವ ಮುಸ್ಲಿಮರಿದ್ದಾರೆ, ಬೋಡೋಗಳಿದ್ದಾರೆ, ಚಹಾ ತೋಟಗಳ ಆದಿವಾಸಿಗಳಿದ್ದಾರೆ. ಈ ಕೊನೆಯವರ ಪೂರ್ವಜರು ಅಸ್ಸಾಮಿನವರೇ ಅಲ್ಲ. 19ನೆಯ ಶತಮಾನದಲ್ಲಿ ಛೋಟಾ ನಾಗಪುರ, ಒಡಿಶಾ ಮುಂತಾದ ಕಡೆಗಳಿಂದ ಬ್ರಿಟಿಷರ ಚಹಾ ತೋಟಗಳಿಗೆ ಸಾಗಿಸಲ್ಪಟ್ಟವರು. ಇವರಲ್ಲಿ ಬಳಕೆಯಲ್ಲಿರುವ ಸಾದ್ರಿ ಭಾಷೆ ಹಿಂದಿಯೂ ಅಲ್ಲ, ಅಸ್ಸಾಮಿಯೂ ಅಲ್ಲ.

ಈ ಇತಿಹಾಸ ವೈದ್ಯರಿಗೇಕೆ? ಕಾರಣವಿದೆ. 1952ರಲ್ಲಿ ಭಾರತದ ಎರಡು ಕಡೆ ಕುಡುಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ದೋಷ, ಮೊದಲ ಬಾರಿಗೆ ವರದಿಯಾಯಿತು. ಒಂದು ನೀಲಗಿರಿಯ ಬುಡಕಟ್ಟಿನವರಲ್ಲಿ; ಇನ್ನೊಂದು ಮೇಲಣ ಅಸ್ಸಾಮಿನ ಚಹಾ ತೋಟದ ಕಾರ್ಮಿಕರಲ್ಲಿ. ತಂದೆ ತಾಯಿ ಇಬ್ಬರಿಂದಲೂ ಈ ದೋಷ ಬಂದ ಮಗುವಿನ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಮೂಳೆ, ಕೀಲುಗಳಲ್ಲಿ ಸಹಿಸಲಾಗದ ನೋವು. ಚಳಿ, ಅತಿ ದಣಿವು, ಮೈಯಲ್ಲಿ ನೀರಿನ ಕೊರತೆ, ಸೋಂಕು, ಇವೆಲ್ಲ ಆ ನೋವನ್ನು ಕೆರಳಿಸುವಂಥವು. ಕಳಸದ ಆಷಾಢದ ಮಳೆಯಲ್ಲಿ ನೆನೆದು ದುಡಿಯುವವನಿಗೆ ಇವುಗಳಲ್ಲಿ ಯಾವುದಕ್ಕೆ ಬರ?

ಇಂಥ ಯುವಕನೊಬ್ಬ ಮೈಕೈ ನೋವೆಂದು ಮಲಗಿದರೆ ಮೇಸ್ತ್ರಿಗೆ ಅದು ಸೋಮಾರಿತನವಾಗಿ ಕಾಣಬಹುದು. ಆಸ್ಪತ್ರೆಯಲ್ಲಿ ಒಂದು ನೋವಿನ ಚುಚ್ಚುಮದ್ದಿಗೆ ಮುಗಿಯಬಹುದು. ಅವನ ಮನೆತನ ಎಲ್ಲಿಯದು ಎಂದು ಕೇಳಿದ ವೈದ್ಯರು ಮಾತ್ರ ಒಂದು ಸರಳ ರಕ್ತಪರೀಕ್ಷೆಗೆ ಬರೆದುಕೊಟ್ಟಾರು. 2023ರಲ್ಲಿ ಕೇಂದ್ರ ಸರ್ಕಾರ ಈ ರೋಗದ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಆರಂಭಿಸಿದೆ. ಆದರೆ ಆದಿವಾಸಿ ಜಿಲ್ಲೆಯಲ್ಲಿ ತಪಾಸಣೆ ನಡೆಯುವಾಗ ದುಡಿಯುವ ವಯಸ್ಸಿನವನು ಮಲೆನಾಡಿನ ಲೈನ್ ಮನೆಯಲ್ಲಿದ್ದರೆ?

ಜ್ವರದ ಮಾತೂ ಹೀಗೆಯೇ. ಮಲೆನಾಡಿನ ವೈದ್ಯರು ಜ್ವರವೆಂದೊಡನೆ ಡೆಂಗಿ, ಇಲಿಜ್ವರ, ಮಂಗನ ಕಾಯಿಲೆಗಳನ್ನು ನೆನೆಯುತ್ತಾರೆ. ರೋಗಿ ಎರಡು ವಾರದ ಹಿಂದೆ ಜಾರ್ಖಂಡ್‌ನ ಕಾಡಂಚಿನ ಹಳ್ಳಿಗೆ ಹೋಗಿ ಬಂದವನಾದರೆ ಮಿದುಳಿಗೇರುವ ಮಲೇರಿಯವನ್ನೂ ನೆನೆಯಬೇಕಾಗುತ್ತದೆ. ಒಂದು ದಿನದ ವಿಳಂಬವೂ ಅಲ್ಲಿ ಪ್ರಾಣಕ್ಕೆ ಎರವಾದೀತು.

ಬಂದವರ ಬಗ್ಗೆ ಇಲ್ಲಿಯವರು ತಿಳಿಯಬೇಕಾದಂತೆಯೇ ಇಲ್ಲಿಯ ಸಂಗತಿಗಳನ್ನು ಬಂದವರಿಗೂ ತಿಳಿಸಬೇಕು. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯನ್ನೂ ಕಾಡಿತು. ಅದನ್ನು ಹರಡುವುದು ಉಣ್ಣೆ, ಮಲೆನಾಡಿನ ಮಾತಿನಲ್ಲಿ ಉಣುಗು. ಸತ್ತ ಮಂಗ ಕಂಡರೆ ದೂರವಿದ್ದು ಸುದ್ದಿ ಮುಟ್ಟಿಸಬೇಕೆಂದು ಇಲ್ಲಿಯ ಮಕ್ಕಳೂ ಬಲ್ಲರು. ರೋಗ ಹೆಚ್ಚುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಕಾಫಿ ಕೊಯ್ಲು ನಡೆಯುವುದೂ ಆಗಲೇ. ಹೊರಗಿನ ಕಾರ್ಮಿಕರು ಬಂದಿಳಿಯುವ ಆ ಹೊತ್ತಿನಲ್ಲಿ ಎಚ್ಚರಿಕೆಯ ಕರಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಪ್ರಯೋಜನವೇನು?

ಹಾಗೆಂದು ಪ್ರತಿ ಸಮುದಾಯದ 'ಸಂಸ್ಕೃತಿ'ಯನ್ನು ಪಟ್ಟಿ ಮಾಡಿ ವೈದ್ಯರ ಕೈಗಿತ್ತರೆ ಸಾಲದು. ಈ ಪಾಠ ದೂರದ ಅಮೆರಿಕದಲ್ಲಿ ಸಿಗುತ್ತದೆ. 1991ರ ನಂತರ ಅಂತರ್ಯುದ್ಧದಿಂದ ತಪ್ಪಿಸಿಕೊಂಡ ಸೋಮಾಲಿ ಜನ ದೊಡ್ಡ ಸಂಖ್ಯೆಯಲ್ಲಿ ಮಿನೆಸೋಟ ರಾಜ್ಯ ಸೇರಿದರು. ಅಲ್ಲಿನ ವೈದ್ಯರು ಕ್ರಮೇಣ ಅನೇಕ ವಿಷಯ ಕಲಿತರು: ರಂಜಾನ್ ಉಪವಾಸದಲ್ಲಿ ಮೂರು ಹೊತ್ತಿನ ಮಾತ್ರೆ ನಡೆಯದು, ಹೆಂಗಸರು ವೈದ್ಯೆಯರನ್ನೇ ಬಯಸಬಹುದು, ಸೋಮಾಲಿ ಭಾಷೆಗೆ ಅಧಿಕೃತ ಲಿಪಿ ಬಂದದ್ದೇ 1972ರಲ್ಲಿ, ಆದ್ದರಿಂದ ಹಿರಿಯರಿಗೆ ಕರಪತ್ರಕ್ಕಿಂತ ಮಾತೇ ಮೇಲು. ಆದರೂ 2017ರಲ್ಲಿ ಅಲ್ಲಿ ದಡಾರ ಹಬ್ಬಿತು. ರೋಗ ತಗುಲಿದ 75 ಜನರಲ್ಲಿ 61 ಮಂದಿ ಸೋಮಾಲಿ ಮೂಲದವರು. ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆಂಬ ಭಯದಿಂದ ಎಷ್ಟೋ ತಾಯ್ತಂದೆಯರು ಲಸಿಕೆ ಹಾಕಿಸಿರಲಿಲ್ಲ. ಆ ಭಯ ಸೋಮಾಲಿಯದಲ್ಲ. 1998ರಲ್ಲಿ ಇಂಗ್ಲೆಂಡಿನ ವೈದ್ಯಪತ್ರಿಕೆಯೊಂದರಲ್ಲಿ ಬಂದು, 2010ರಲ್ಲಿ ಹಿಂತೆಗೆದುಕೊಳ್ಳಲಾದ ಲೇಖನದಿಂದ ಹರಡಿದ್ದು. ಅದು ಯಾವ ಪಟ್ಟಿಯಲ್ಲೂ ಸಿಗುವಂಥದ್ದಲ್ಲ. 'ನಿಮಗೆ ಯಾವುದರ ಭಯ?' ಎಂದು ಕೇಳಿದರೆ ಮಾತ್ರ ತಿಳಿಯುವಂಥದ್ದು.

ಕೇಳಬೇಕಾದರೆ ಭಾಷೆ ಬೇಕು. ಮೇಸ್ತ್ರಿಯೇ ದುಭಾಷಿಯಾದರೆ ಹೆಣ್ಣುಮಗಳು ಮುಟ್ಟಿನ ತೊಂದರೆ ಹೇಳಿಯಾಳೆ? ಕೂಲಿಯಾಳು ತನ್ನ ಹಳೆಯ ಕಾಯಿಲೆ ಒಪ್ಪಿಯಾನೆ? ಲೈನ್ ಮನೆಯಲ್ಲಿ ಕನ್ನಡ ಕಲಿತ ಒಬ್ಬ ಹೆಣ್ಣುಮಗಳಿಗೆ ತರಬೇತಿ ಕೊಟ್ಟು, ಗೌರವಧನ ಕೊಟ್ಟು ಆಸ್ಪತ್ರೆಗೆ ಜೊತೆ ಮಾಡಿದರೆ ಅರ್ಧ ರೋಗ ಬಾಯಿಬಿಟ್ಟಂತೆ.

ಕನ್ನಡಿಗರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. 'ಅಮ್ಮ ಎದ್ದಿದೆ', 'ಉಷ್ಣ ಆಗಿದೆ', 'ದೃಷ್ಟಿ ತಾಗಿದೆ' ಎಂದು ರೋಗ ಹೇಳಿಕೊಳ್ಳುವ ಅಜ್ಜಿಯರು ಇಂದಿಗೂ ಇದ್ದಾರೆ. ಆ ಮಾತಿಗೆ ನಗದೆ ಕಿವಿಗೊಟ್ಟ ವೈದ್ಯರ ಮದ್ದನ್ನೇ ಅವರು ನಂಬಿ ನುಂಗಿದ್ದು. ಘಟ್ಟದ ತಪ್ಪಲಿಗೆ ದುಡಿಯಲು ಬಂದವರು ಕೇಳುವುದೂ ಅಷ್ಟೇ ಕಿವಿಯನ್ನು. 'ಯಾವೂರಾಯ್ತು?' ಎಂಬ ಹಳೆಯ ಪ್ರಶ್ನೆ ಆಸ್ಪತ್ರೆಯ ಬಾಗಿಲೊಳಗೂ ಬರಲಿ.