ನಡಾವಳಿ ಬರೆಯುವ ಕೈ ಊರಿನದೇ ಆಗಲಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ನಿವೃತ್ತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿ ದೂರದ ಊರುಗಳಿಗೆ ಹೋದವರು ಬೆಳಗಿನಿಂದ ಮಾತಾಡಿದ್ದಾರೆ. ನಾನು ಹೆಚ್ಚು ದೂರ ಹೋದವನಲ್ಲ. 1981ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. 1987ರಲ್ಲಿ ಮಂಡಲ ಪಂಚಾಯಿತಿಗಳು ಬಂದಾಗ ಬಿಲ್ ಕಲೆಕ್ಟರ್ ಆಗಿ ಸೇರಿದೆ. ಮುಂದೆ ಕಾರ್ಯದರ್ಶಿಯಾಗಿ, ಕೊನೆಗೆ ಪಿಡಿಒ ಆಗಿ ನಿವೃತ್ತನಾದೆ. ನನಗೆ ಗೊತ್ತಿರುವುದು ಪಂಚಾಯಿತಿ ಒಂದೇ. ಅದರ ಬಗ್ಗೆಯೇ ಎರಡು ಮಾತು ಆಡುತ್ತೇನೆ.

ಊರಿನ ಕೈಗೆ ಅಧಿಕಾರ ಬರಬೇಕೆಂದು ಹೋರಾಡಿದವರು 'ನೀರ್ ಸಾಬ್' ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್. 1983ರ ಕಾಯ್ದೆಯ ಹಿಂದೆ ಅವರಿದ್ದರು. ಸಂವಿಧಾನದ 73ನೇ ತಿದ್ದುಪಡಿಯಾದ ಮೇಲೆ ನಮ್ಮ ರಾಜ್ಯದಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು. 400 ಜನಕ್ಕೆ ಒಬ್ಬ ಸದಸ್ಯ, ಆರು ತಿಂಗಳಿಗೊಮ್ಮೆ ಗ್ರಾಮಸಭೆ ಎಂದಾಯಿತು. ಅಧಿಕಾರವೇನೋ ಬಂತು. ಅದನ್ನು ನಡೆಸುವ ಕೆಲಸವನ್ನು ಕಲಿತವರು ನಮ್ಮ ಮಲೆನಾಡಿನ ಮೂಲೆಯ ಪಂಚಾಯಿತಿಗಳಲ್ಲಿ ಎಷ್ಟು ಜನ ಇದ್ದಾರೆ?

ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಕಾರ್ಯದರ್ಶಿಯಾದ ಹೊಸದು. ಘಟ್ಟದ ಅಂಚಿನ ಒಂದು ಕೇರಿಯವರು ಗ್ರಾಮಸಭೆಯಲ್ಲಿ ಕಾಲುಸಂಕ ಕೇಳಿದರು. ಎಲ್ಲರೂ ಒಪ್ಪಿದರು. ನಾನು ನಡಾವಳಿ ಪುಸ್ತಕದಲ್ಲಿ "ಕಾಲುಸಂಕ ಮಾಡಿಸಲು ತೀರ್ಮಾನಿಸಲಾಯಿತು" ಎಂದಷ್ಟೇ ಬರೆದೆ. ಯಾವ ಹಳ್ಳಕ್ಕೆ, ಎಷ್ಟು ಅಡಿ ಉದ್ದ, ಯಾವ ಅನುದಾನದಲ್ಲಿ, ಒಂದನ್ನೂ ಬರೆಯಲಿಲ್ಲ. ಕಡತ ಹೋದ ಹಾಗೇ ವಾಪಸು ಬಂತು. ಸರಿ ಮಾಡಿ ಕಳಿಸುವುದರೊಳಗೆ ಮಾರ್ಚ್ 31 ಕಳೆದು ಹೋಗಿತ್ತು. ಆ ಮಳೆಗಾಲ ಹಳ್ಳ ಇಳಿಯುವ ತನಕ ಆ ಕೇರಿಯ ಮಕ್ಕಳು ಶಾಲೆಗೆ ಹೋಗಲಿಲ್ಲ. ಅವರಲ್ಲಿ ಒಬ್ಬಳು ಹುಡುಗಿ ಮಳೆ ನಿಂತ ಮೇಲೂ ಹೋಗಲಿಲ್ಲ. ಅದರಲ್ಲಿ ಲಂಚವಿರಲಿಲ್ಲ, ಜಗಳವಿರಲಿಲ್ಲ. ನನಗೆ ಬರೆಯಲು ಬರುತ್ತಿರಲಿಲ್ಲ, ಅಷ್ಟೇ.

ಆ ಮೇಲೆ ಕಲಿತೆ. ಕಲಿಸಿದವರಲ್ಲಿ ಒಬ್ಬರು ಸಹಿ ಮಾತ್ರ ಹಾಕಲು ಬರುತ್ತಿದ್ದ ಸದಸ್ಯೆ. ಮೊದಲು ಎಲ್ಲರ ಸಹಿ ಪಡೆದು, ನಡಾವಳಿಯನ್ನು ಆಮೇಲೆ ನಿಧಾನವಾಗಿ ಬರೆಯುವುದು ನಮ್ಮ ರೂಢಿಯಾಗಿತ್ತು. ಆಕೆ ಮಾತ್ರ, "ಬರೆದು ಓದಿ ಹೇಳಿ ಸಾರ್, ಆಮೇಲೆ ರುಜು ಹಾಕ್ತೀನಿ" ಎಂದು ಕೂತುಬಿಟ್ಟರು. ಆವತ್ತಿನಿಂದ ಆ ಪಂಚಾಯಿತಿಯಲ್ಲಿ ಓದದೆ ಸಹಿ ಹಾಕಿಸಿದ್ದಿಲ್ಲ.

ಈಗ ಲೆಕ್ಕ, ಖಾತೆ ಎಲ್ಲ ಕಂಪ್ಯೂಟರಿಗೆ ಬಂದಿವೆ. ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನ ಸಂಸ್ಥೆ ತರಬೇತಿ ಕೊಡುತ್ತದೆ. ಆದರೆ ದೂರದ ಪಂಚಾಯಿತಿಗೆ ಬಂದ ಅಧಿಕಾರಿ ಕೆಲಸ ಕಲಿಯುವಷ್ಟರಲ್ಲಿ ವರ್ಗವಾಗುತ್ತಾರೆ. ಬಳಿಕ ಪಕ್ಕದ ಪಂಚಾಯಿತಿಯವರಿಗೆ ಪ್ರಭಾರ. ಅವರು ವಾರಕ್ಕೆ ಎರಡು ದಿನ ಬಂದರೆ ಪುಣ್ಯ. ಅವರನ್ನು ದೂರುವುದಿಲ್ಲ, ನಾನೂ ಹಾಗೆ ಎರಡು ಕಡೆ ಓಡಾಡಿದವನೇ. ಆದರೆ ಬಿಲ್ ಕಲೆಕ್ಟರ್, ಡಾಟಾ ಎಂಟ್ರಿಯವರು, ನೀರುಗಂಟಿ ಸಾಮಾನ್ಯವಾಗಿ ಊರಿನವರು, ಇಲ್ಲೇ ಉಳಿಯುವವರು. ಯಾವ ಮನೆಗೆ ಕಂದಾಯ ಬಾಕಿ, ಯಾವ ಪೈಪು ಎಲ್ಲಿ ಸೋರುತ್ತದೆ, ಅವರಿಗೆ ಗೊತ್ತು. ತರಬೇತಿಗೆ ಮೊದಲು ಕಳಿಸಬೇಕಾದ್ದು ಅವರನ್ನು. ಅಧಿಕಾರಿ ಬದಲಾದಾಗ ಕಡತ, ರಿಜಿಸ್ಟರುಗಳನ್ನು ಸದಸ್ಯರ ಎದುರಿಗೇ ಪಟ್ಟಿ ಮಾಡಿ ವಹಿಸಿಕೊಡುವ ಪದ್ಧತಿಯನ್ನೂ ಬಿಗಿ ಮಾಡಬೇಕು.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮಲ್ಲಿ ಲೆಕ್ಕ ಬಲ್ಲವರಿದ್ದೀರಿ, ಎಸ್ಟಿಮೇಟ್ ಮಾಡಬಲ್ಲವರಿದ್ದೀರಿ. ಜಾತ್ರೆಗೆ ಬರುವ ಹಾಗೆ ವರ್ಷಕ್ಕೆ ಒಂದು ಗ್ರಾಮಸಭೆಗೂ ಬನ್ನಿ. ಭಾಷಣ ಮಾಡಬೇಕಾಗಿಲ್ಲ. ಜಮಾ-ಖರ್ಚಿನ ಪಟ್ಟಿ ನೋಡಿ, ಅದು ಅರ್ಥವಾಗದ ಸದಸ್ಯರ ಪಕ್ಕದಲ್ಲಿ ಕೂತು ವಿವರಿಸಿದರೆ ಸಾಕು.

ಗುರುಗಳಲ್ಲಿಯೂ ಒಂದು ಬಿನ್ನಹ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದಲ್ಲ, ಅದರ ನಡಾವಳಿಯನ್ನು ಮಕ್ಕಳೇ ಬರೆಯಲಿ. ಯಾರು ಕೇಳಿದರು, ಏನು ಕೇಳಿದರು, ಯಾರು ಮಾಡಬೇಕು, ಯಾವಾಗ. ಮುಂದಿನ ಸಭೆಯಲ್ಲಿ ಅದನ್ನೇ ಓದಿ, ಏನಾಯಿತೆಂದು ಕೇಳಲಿ. ನಮ್ಮ ಕನ್ನಡ ಮೇಷ್ಟ್ರು ಇದೇ ಕೊಠಡಿಯಲ್ಲಿ 'ಇಂದ, ಗೆ, ಮಾನ್ಯರೇ, ವಿಷಯ' ಎಂದು ಪತ್ರ ಬರೆಸುತ್ತಿದ್ದಾಗ ನಾವು ಹಿಂದಿನ ಬೆಂಚಿನಲ್ಲಿ ನಗುತ್ತಿದ್ದೆವು. ಮೂವತ್ತೆಂಟು ವರ್ಷ ನಾನು ಅನ್ನ ತಿಂದದ್ದು ಆ ಪಾಠದಿಂದಲೇ.

ಆ ಕೇರಿಗೆ ಮುಂದಿನ ವರ್ಷ ಕಾಲುಸಂಕ ಆಯಿತು. ಆ ಹುಡುಗಿಗೆ ಮಾತ್ರ ಅದು ಉಪಯೋಗಕ್ಕೆ ಬರಲಿಲ್ಲ. ಇಲ್ಲಿ ಕೂತಿರುವ ಮಕ್ಕಳಲ್ಲಿ ಇಬ್ಬರಾದರೂ ನನಗಿಂತ ಚೆನ್ನಾಗಿ ನಡಾವಳಿ ಬರೆಯುವವರಾಗಿ ಈ ಊರಲ್ಲೇ ಉಳಿಯಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.