ಮಂಜಿನೊಳಗೊಂದು ಮುಳ್ಳಿಲಿ

ಗುಂಡ್ಲುಪೇಟೆ ಸೀಮೆಯ ಮಕ್ಕಳಿಗೆ ಮಂಜು ಹೊಸದಲ್ಲ. ಬಂಡೀಪುರ ಕಾಡಿನೊಳಗಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟ 1454 ಮೀಟರ್ ಎತ್ತರದ್ದು. ಬೆಳಗಿನ ಹೊತ್ತು ಬಸ್ಸು ಮೇಲೇರುತ್ತಿದ್ದರೆ ಮುಂದಿನ ತಿರುವೇ ಕಾಣದಷ್ಟು ಮಂಜು ಕವಿದಿರುವುದುಂಟು. ಅಂಥ ಮಂಜನ್ನೇ ಕಥೆಯಾಗಿಸಿದ ‘ಮಂಜಿನೊಳಗೊಂದು ಮುಳ್ಳಿಲಿ’ ಎಂಬ ಮಕ್ಕಳ ಅನಿಮೇಷನ್ ಚಿತ್ರವೊಂದು 1975ರಲ್ಲಿ ಮಾಸ್ಕೋದ ಸೋಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೋದಲ್ಲಿ ತಯಾರಾಯಿತು.

ಕಥೆ ಸೆರ್ಗೆಯ್ ಕಜ್ಲೋವ್ ಅವರದು, ನಿರ್ದೇಶನ ಯೂರಿ ನಾರ್‌ಸ್ಟೈನ್ ಅವರದು, ಚಿತ್ರ ಬರೆದವರು ಅವರ ಪತ್ನಿ ಫ್ರಾಂಚೆಸ್ಕಾ ಯಾರ್ಬುಸೋವಾ. ಮುಳ್ಳಿಲಿಯೊಂದು ಜಾಮ್ ಗಂಟು ಹಿಡಿದು ಗೆಳೆಯ ಕರಡಿಮರಿಯ ಮನೆಗೆ ಹೊರಟಿದೆ. ಇಬ್ಬರೂ ಕೂತು ಚಹಾ ಕುಡಿಯಬೇಕು, ನಕ್ಷತ್ರ ಎಣಿಸಬೇಕು. ದಾರಿಯಲ್ಲಿ ಮಂಜಿನೊಳಗೆ ಬಿಳಿ ಕುದುರೆ ಕಾಣುತ್ತದೆ. ಅದು ಅಲ್ಲೇ ಮಲಗಿದರೆ ಉಸಿರು ಕಟ್ಟೀತೇ ಎಂದು ಮುಳ್ಳಿಲಿಗೆ ಚಿಂತೆ. ನೋಡಲೆಂದು ಇಳಿದದ್ದು ದಾರಿ ತಪ್ಪುತ್ತದೆ.

ಇಷ್ಟೇ ಕಥೆ, ಹತ್ತು ನಿಮಿಷದ್ದು.

ಆದರೆ ಆ ಮಂಜು ಬಂದದ್ದು ಎಲ್ಲಿಂದ? ಕಂಪ್ಯೂಟರಿನಿಂದಲ್ಲ, ಒಂದು ತೆಳುಕಾಗದದಿಂದ. ಕತ್ತರಿಸಿದ ಬೊಂಬೆಗಳನ್ನು ಹಲವು ಗಾಜಿನ ಹಲಗೆಗಳ ಮೇಲೆ ಹರಡಿ, ಮೇಲಿನಿಂದ ಕ್ಯಾಮೆರಾ ಇಟ್ಟು, ಒಂದೊಂದೇ ಚೌಕಟ್ಟಿನಂತೆ ಚಿತ್ರ ತೆಗೆದರು. ಬೊಂಬೆಯ ಮೇಲೆ ಆ ಕಾಗದ ಹಾಸಿ, ಒಂದಿಷ್ಟೊಂದಿಷ್ಟೇ ಕ್ಯಾಮೆರಾದತ್ತ ಎತ್ತುತ್ತ ಹೋದರೆ ಆಕೃತಿ ಮಸುಕಾಗಿ ಬಿಳುಪಿನಲ್ಲಿ ಮುಳುಗುತ್ತದೆ. ಹೊಳೆಯ ದೃಶ್ಯಕ್ಕೆ ನಿಜವಾದ ನೀರನ್ನೇ ಚಿತ್ರೀಕರಿಸಿ ಬಳಸಿಕೊಂಡರು.

ನಮ್ಮ ತೊಗಲುಗೊಂಬೆಯಾಟದ ಕಲಾವಿದರಿಗೂ ಈ ಗುಟ್ಟು ಗೊತ್ತು. ಪರದೆಗೆ ಒತ್ತಿ ಹಿಡಿದ ಗೊಂಬೆಯ ಗೆರೆ ಗೆರೆಯೂ ಸ್ಪಷ್ಟ. ದೀಪದ ಕಡೆಗೆ ಸರಿಸಿದರೆ ಅದು ಹಿಗ್ಗಿ ಮಸುಕಾಗುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಈ ಕಲೆಗಾಗಿ ಬದುಕನ್ನೇ ಮುಡಿಪಿಟ್ಟವರು. 2025ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಮಾಸ್ಕೋದಲ್ಲಾಗಲಿ ಮೋರನಾಳದಲ್ಲಾಗಲಿ, ಬೆಳಕು ಮತ್ತು ದೂರ ಇವೆರಡನ್ನು ಕೈಯಳತೆಯಲ್ಲೇ ಪಳಗಿಸಿದವರು ಇವರು.

ನಾರ್‌ಸ್ಟೈನ್ ಮಕ್ಕಳನ್ನು ಹೆದರಿಸಲು ಮಂಜು ಕವಿಸಲಿಲ್ಲ. ಗೂಬೆ ಹಿಂಬಾಲಿಸುತ್ತದೆ, ಗಂಟು ಕಳೆಯುತ್ತದೆ, ಮುಳ್ಳಿಲಿ ಹೊಳೆಗೂ ಬೀಳುತ್ತದೆ. ಆದರೂ ನಾಯಿಯೊಂದು ಗಂಟನ್ನು ತಂದುಕೊಡುತ್ತದೆ. ನೀರಿನಲ್ಲಿ ಯಾರೋ ಬೆನ್ನ ಮೇಲೆ ಹೊತ್ತು ದಡ ಸೇರಿಸುತ್ತಾರೆ. ಅವರು ಯಾರೆಂದು ಚಿತ್ರ ಹೇಳುವುದೇ ಇಲ್ಲ. ಮಗು ತಾನೇ ಊಹಿಸಲಿ ಎಂಬ ಈ ನಂಬಿಕೆಯೇ ಚಿತ್ರದ ದೊಡ್ಡತನ. 2003ರಲ್ಲಿ ಟೋಕಿಯೊದಲ್ಲಿ ನಡೆದ ಆಯ್ಕೆಯಲ್ಲಿ ಅನಿಮೇಷನ್ ಕಲಾವಿದರೂ ವಿಮರ್ಶಕರೂ ಇದಕ್ಕೆ ಮೊದಲ ಸ್ಥಾನ ಕೊಟ್ಟರು.

ಮಾತು ಕಡಿಮೆಯಾದ್ದರಿಂದ ರಷ್ಯನ್ ಬಾರದ ಮಕ್ಕಳಿಗೂ ಇದು ದಕ್ಕುತ್ತದೆ. ಗುಂಡ್ಲುಪೇಟೆಯ ಯಾವುದೇ ಶಾಲೆಯಲ್ಲಿ ಒಂದು ಶನಿವಾರ ಇದನ್ನು ತೋರಿಸಬಹುದು. ಆಮೇಲೆ ಮಕ್ಕಳ ಕೈಗೆ ಕತ್ತರಿ, ರಟ್ಟು ಮತ್ತು ಒಂದು ಹಾಳೆ ಬಟರ್ ಪೇಪರ್ ಕೊಟ್ಟರೆ, ತಮ್ಮ ಬೆಟ್ಟದ ಮಂಜನ್ನು ಅವರೇ ಮೇಜಿನ ಮೇಲೆ ಮಾಡಿ ನೋಡಬಹುದು.